ವರ್ಷಕ್ಕೊಂದಾದರೂ ಹೊಸ ನಾಟಕ ಬೇಕು

ದಿಂಡಿಗಲ್ಲಿನಿಂದ ಮಧುರೆಗೆ ಹೋಗುವ ದಾರಿಯಲ್ಲಿ, ಗಾಂಧಿಗ್ರಾಮದ ಹತ್ತಿರ ಚಿನ್ನಾಳಪಟ್ಟಿ ಇದೆ. ಸುಂಗುಡಿ ಸೀರೆಗೆ ಹೆಸರಾದ ಊರು. ಇಲ್ಲಿಯ ದೇವಾಂಗ ನೇಕಾರರ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳಿಸುತ್ತದೆ. ಪಶ್ಚಿಮಕ್ಕೆ ಕಂಬಂ ಕಣಿವೆಯ ಕಡೆ ಹೋದರೆ ಅಲ್ಲೂ ಒಕ್ಕಲಿಗರ ಮನೆಗಳಲ್ಲಿ ಕನ್ನಡವಿದೆ. ಆದರೆ ಅದು ಮನೆಯೊಳಗಿನ ಮಾತು ಅಷ್ಟೆ. ಓದು ಬರಹ ತಮಿಳು, ಪೇಟೆ ತಮಿಳು, ಜಾತ್ರೆಯ ರಾತ್ರಿ ಕೂತು ನೋಡುವ ನಾಟಕವೂ ತಮಿಳು. ತಾಳವಾಡಿ ಕಡೆಯವರಾದ ನಮಗೆ ಕನ್ನಡ ಶಾಲೆಯಾದರೂ ಇದೆ. ಅವರಿಗೆ ಅದೂ ಇಲ್ಲ.

ಆ ಜಾತ್ರೆಯ ನಾಟಕದ ಬಗ್ಗೆ ಸ್ವಲ್ಪ ಹೇಳಬೇಕು. ಅದರಿಂದ ನಮ್ಮ ಶಾಲೆಗಳು ಕಲಿಯಬೇಕಾದ ಪಾಠವೊಂದಿದೆ.

ಮಧುರೆ, ದಿಂಡಿಗಲ್ ಸೀಮೆಯ ಈ ಹಾಡಿನ ನಾಟಕಕ್ಕೆ ಇಸೈ ನಾಟಕ ಅನ್ನುತ್ತಾರೆ. ಜನರ ಬಾಯಲ್ಲಿ ‘ಸ್ಪೆಷಲ್ ನಾಟಕ’. ರಾತ್ರಿ ಹತ್ತರ ಸುಮಾರಿಗೆ ಶುರುವಾದರೆ ಬೆಳಗಿನವರೆಗೆ ನಡೆಯುತ್ತದೆ. ಹಾರ್ಮೋನಿಯಂ, ಮೃದಂಗ, ಮೊದಲಿಗೆ ಬಫೂನ್ ಹಾಸ್ಯ, ಆಮೇಲೆ ಕಥೆ. ವಳ್ಳಿ ತಿರುಮಣಂ, ಹರಿಶ್ಚಂದ್ರ, ಪವಳಕ್ಕೊಡಿ, ಸತ್ಯವಾನ್ ಸಾವಿತ್ರಿ... ಹೆಚ್ಚುಕಡಿಮೆ ಇಂಥ ಕೆಲವೇ ಕಥೆಗಳು ಮತ್ತೆ ಮತ್ತೆ ಬರುತ್ತವೆ. ಈ ರಂಗಭೂಮಿಯ ಗುರು ಶಂಕರದಾಸ ಸ್ವಾಮಿಗಳು (1867–1922). ಅವರು ತೀರಿಕೊಂಡು ನೂರು ವರ್ಷ ದಾಟಿದರೂ ರಂಗದ ಮೇಲೆ ಅವರ ನಾಟಕಗಳೇ ಆಳುತ್ತಿವೆ.

ಯಾಕೆ ಹೀಗೆ? ಕಲಾವಿದರಿಗೆ ಪ್ರತಿಭೆ ಇಲ್ಲವೆಂದಲ್ಲ. ನೂರಾರು ಹಾಡು ಬಾಯಿಪಾಠ ಇರುವವರು, ಗಂಟೆಗಟ್ಟಲೆ ತರ್ಕ ಮಾಡಬಲ್ಲವರು. ಕಾರಣ ಬೇರೆ ಇದೆ. ಈ ನಾಟಕಕ್ಕೆ ಈಗ ಕಂಪನಿ ಇಲ್ಲ. ಊರಿನವರು ರಾಜಪಾರ್ಟಿನವರನ್ನು ಒಂದು ಊರಿಂದ, ಸ್ತ್ರೀಪಾರ್ಟಿನವರನ್ನು ಇನ್ನೊಂದು ಊರಿಂದ, ಒಬ್ಬೊಬ್ಬರನ್ನೇ ಒಂದು ರಾತ್ರಿಗೆಂದು ಕರೆಸುತ್ತಾರೆ. ಅವರೆಲ್ಲ ಭೇಟಿಯಾಗುವುದೇ ಆ ರಾತ್ರಿ. ತಾಲೀಮು ಇಲ್ಲ. ಎಲ್ಲರಿಗೂ ಮೊದಲೇ ಗೊತ್ತಿರುವ ನಾಟಕವನ್ನು ಮಾತ್ರ ಹೀಗೆ ಆಡಲು ಸಾಧ್ಯ. ಹೊಸದನ್ನು ಯಾರು, ಯಾವಾಗ, ಯಾರ ಜೊತೆ ಕಲಿಯಬೇಕು?

ಶಂಕರದಾಸರ ಕಾಲದಲ್ಲಿ ಹೀಗಿರಲಿಲ್ಲ. ಅವರು ಬರೆದದ್ದು ಕಂಪನಿಗಳಿಗಾಗಿ. 1918ರಲ್ಲಿ ಮಧುರೆಯಲ್ಲಿ ಹುಡುಗರದೇ ಒಂದು ನಾಟಕ ಸಭೆ ಕಟ್ಟಿದರು. ಮುಂದೆ ಹೆಸರು ಮಾಡಿದ ಟಿ.ಕೆ.ಎಸ್. ಸಹೋದರರು ಅಲ್ಲಿ ಕಲಿತವರೇ. ಕಲಿಯಲು ಮಕ್ಕಳು ಎದುರಿಗೆ ಕೂತಿದ್ದಾಗ ಬರೆಯುವ ಕೈಗೂ ಕೆಲಸ ಇತ್ತು.

ಹಳೆಯ ನಾಟಕದೊಳಗೇ ಹೊಸ ಕಾಲವನ್ನು ತಂದವರೂ ಇದ್ದಾರೆ. ವಿಶ್ವನಾಥದಾಸ್ ಎಂಬ ನಟರು ಮುರುಗನ ವೇಷದಲ್ಲೇ ಸ್ವಾತಂತ್ರ್ಯದ ಹಾಡು ಹಾಡಿ ಮತ್ತೆ ಮತ್ತೆ ಜೈಲಿಗೆ ಹೋದರು. ಬಿಳಿ ಕೊಕ್ಕರೆಯ ಹಾಡು ಹೇಳಿದರೆ ಅದು ಬಿಳಿಯರ ಮೇಲೆ ಎಂದು ಜನಕ್ಕೆ ತಿಳಿಯುತ್ತಿತ್ತು. 1940ರಲ್ಲಿ ರಂಗದ ಮೇಲೇ ಪ್ರಾಣ ಬಿಟ್ಟರು. ಹಳೆಯದು ಸತ್ತದ್ದು ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಹಳೆಯದೊಂದೇ ಸಾಕೇ ಎಂಬುದು ನನ್ನ ಪ್ರಶ್ನೆ.

ಈಗ ನಮ್ಮ ಕನ್ನಡದ ಕಡೆ ನೋಡಿ. ಯಕ್ಷಗಾನ ಮೇಳ ನವೆಂಬರ್ ಸುಮಾರಿಗೆ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆವರೆಗೆ ಒಟ್ಟಿಗೇ ಇರುತ್ತದೆ. ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳು ಒಂದೇ ಸಂಸಾರ. ಹರಕೆ ಆಟಕ್ಕೆ ಜನ ಕೇಳುವುದು ದೇವಿ ಮಹಾತ್ಮೆಯಂಥ ಹಳೆಯ ಪ್ರಸಂಗವನ್ನೇ, ಅದು ಸಹಜ. ಆದರೆ ಟಿಕೆಟ್ಟಿನ ಡೇರೆ ಮೇಳಗಳಿಗೆ ಹೊಸದು ಇಲ್ಲದೆ ನಡೆಯುವುದಿಲ್ಲ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಹೊಸ ಹೊಸ ಪ್ರಸಂಗಗಳನ್ನು ರಂಗಕ್ಕೆ ತರುತ್ತಲೇ ಬಂದಿವೆ. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಭಾಗವತ ಕಾಳಿಂಗ ನಾವಡರು ಬರೆದ ‘ನಾಗಶ್ರೀ’ಯನ್ನು ಜನ ಇನ್ನೂ ಮರೆತಿಲ್ಲ. ಅಮೃತ ಸೋಮೇಶ್ವರರು (1935–2024) ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಪ್ರಸಂಗ ಬರೆದರು. ಹೊಸದೆಲ್ಲ ಚೆನ್ನಾಗಿತ್ತೇ? ಇಲ್ಲ. ಸಿನಿಮಾ ಕಥೆ ನಕಲು ಮಾಡಿದವೂ ಬಂದವು, ಒಂದೇ ವರ್ಷದಲ್ಲಿ ಮೂಲೆ ಸೇರಿದವು. ಆದರೆ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳೂ ಬರೆದ ಕಾಲಕ್ಕೆ ಹೊಸವೇ ಅಲ್ಲವೇ?

ಕಂಪನಿ ನಾಟಕದ ಕಥೆಯೂ ಇದೇ. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್, ಅವರ ತಂದೆ ಪುಟ್ಟಸ್ವಾಮಯ್ಯ ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಇದ್ದವರು. 1884ರಲ್ಲಿ ಹುಟ್ಟಿದ ಆ ಕಂಪನಿಗೆ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರಂಥವರು ನಾಟಕ ಬರೆದುಕೊಟ್ಟರು. (ಇವರು ಬೇರೆ ಪುಟ್ಟಸ್ವಾಮಯ್ಯ.) ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರವನ್ನು ಬಿಡಲಿಲ್ಲ, ಹಾಗೆಂದು ಅದೊಂದನ್ನೇ ನೆಚ್ಚಿ ಕೂರಲೂ ಇಲ್ಲ. 1934ರಲ್ಲಿ ಆನೆ ಕುದುರೆ ತಂದು ‘ಕುರುಕ್ಷೇತ್ರ’ ಆಡಿಸಿದರು.

ದೂರದ ಅಮೆರಿಕದಲ್ಲೂ ಹೀಗೊಂದು ಉದಾಹರಣೆ ಇದೆ. ಹಾಡಿನಲ್ಲೇ ಕಥೆ ನಡೆಸುವ ಒಪೆರಾ ಎಂಬ ನಾಟಕ ಅವರಲ್ಲಿದೆ. ದೊಡ್ಡ ದೊಡ್ಡ ಒಪೆರಾ ಮನೆಗಳಲ್ಲೂ ನೂರು ಇನ್ನೂರು ವರ್ಷ ಹಳೆಯ ಕೃತಿಗಳೇ ಹೆಚ್ಚು. ಸೇಂಟ್ ಲೂಯಿಸ್ ನಗರದಲ್ಲಿ 1976ರಲ್ಲಿ ಶುರುವಾದ ಕಂಪನಿಯೊಂದು ಹಳೆಯದರ ಜೊತೆಗೆ ಹೊಸದನ್ನೂ ಬರೆಸುತ್ತಾ ಬಂತು. ಟೆರೆನ್ಸ್ ಬ್ಲಾಂಚರ್ಡ್ ಎಂಬ ಕಪ್ಪು ಜನಾಂಗದ ಸಂಗೀತಗಾರರ ಎರಡನೆಯ ಒಪೆರಾ 2019ರಲ್ಲಿ ಮೊದಲು ರಂಗಕ್ಕೆ ಬಂದದ್ದು ಅಲ್ಲೇ. 2021ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ತನ್ನ ಋತುವನ್ನು ಅದೇ ಕೃತಿಯಿಂದ ಆರಂಭಿಸಿತು. ಕಪ್ಪು ಜನಾಂಗದವರೊಬ್ಬರ ಒಪೆರಾ ಅಲ್ಲಿ ನಡೆದದ್ದು ಅದೇ ಮೊದಲು. ದೊಡ್ಡವರು ಮಾಡದ್ದನ್ನು ಸಣ್ಣ ಊರಿನ ಕಂಪನಿ ಮೊದಲು ಮಾಡಿತ್ತು!

ಸರಿ ಮೇಷ್ಟ್ರೇ, ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ. ಹೊಸ ನಾಟಕ ಹುಟ್ಟಲು ಬೇಕಾದದ್ದು ದಿನವೂ ಒಟ್ಟಿಗೆ ಸೇರುವ ಒಂದು ಗುಂಪು. ಗಡಿಯಾಚೆಯ ಕನ್ನಡಿಗರಲ್ಲಿ ಅಂಥ ಗುಂಪು ಇವತ್ತು ಎಲ್ಲಿ ಉಳಿದಿದೆ? ಕನ್ನಡ ಶಾಲೆಯಲ್ಲಿ. ಹತ್ತು ತಿಂಗಳು ಒಂದೇ ಸೂರಿನ ಕೆಳಗೆ ಇರುವ ಮಕ್ಕಳು ಒಂದು ಮೇಳವಲ್ಲದೆ ಇನ್ನೇನು? ಆದರೆ ವಾರ್ಷಿಕೋತ್ಸವ ಬಂದರೆ ನಾವು ಮಾಡುವುದೇನು? ಎಲ್ಲಿಂದಲೋ ಜೆರಾಕ್ಸ್ ಮಾಡಿಸಿದ ಅದೇ ನಾಟಕ, ಇಲ್ಲವೇ ಸಿನಿಮಾ ಹಾಡಿಗೆ ಕುಣಿತ. ಮಗು ತನ್ನದಲ್ಲದ ಮಾತನ್ನು ಗಿಳಿಪಾಠ ಒಪ್ಪಿಸಿ ಇಳಿಯುತ್ತದೆ.

ಯಕ್ಷಗಾನದಿಂದ ಒಂದು ಉಪಾಯ ಕಲಿಯಬಹುದು. ಅಲ್ಲಿ ಪದ್ಯ ಮಾತ್ರ ಬರೆದಿರುತ್ತದೆ. ಮಾತನ್ನು ವೇಷಧಾರಿಯೇ ರಂಗದ ಮೇಲೆ ಕಟ್ಟುತ್ತಾನೆ. ನಾವು ಆರೇಳು ಸರಳ ಹಾಡು ಬರೆದು, ಕಥೆ ಹೇಳಿ, ಮಾತನ್ನು ಮಕ್ಕಳಿಗೇ ಬಿಟ್ಟರಾಯಿತು. ತಮಿಳು, ಮಲಯಾಳಂ ಬೆರೆತರೂ ಬೆರೆಯಲಿ. ತಾಲೀಮಿನಲ್ಲಿ ಒಂದೊಂದೇ ಕನ್ನಡ ಪದ ಹುಡುಕಿಕೊಳ್ಳುತ್ತಾರೆ, ಆ ಪದ ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ಸಾಲಿಗ್ರಾಮದ ಮಕ್ಕಳ ಮೇಳ 1975ರಿಂದ ತೋರಿಸಿಕೊಟ್ಟಿದೆ, ಮಕ್ಕಳಿಗೆ ಇದು ಆಗದ ಕೆಲಸವಲ್ಲ.

ಕಥೆಗೆ ಬರವೇ? ತಾಳವಾಡಿಯ ಹೊಲಕ್ಕೆ ಬರುವ ಆನೆ ಇದೆ. ಚೆಕ್‌ಪೋಸ್ಟ್ ದಾಟಿ ಬರುವ ಬಸ್ಸು ಇದೆ. ಚಿನ್ನಾಳಪಟ್ಟಿಯ ಮಗ್ಗದ ಮುಂದೆ ಕನ್ನಡ ಮಾತಾಡುವ ಅಜ್ಜಿ, ಅದನ್ನು ಬರೆಯಲು ಬಾರದ ಮೊಮ್ಮಗಳು ಇದ್ದಾರೆ. ಈ ಕಥೆಗಳನ್ನು ಬೆಂಗಳೂರಿನವರು ಬಂದು ಬರೆಯುವುದಿಲ್ಲ.

ಪೋರ್ಷನ್ ಮುಗಿಯಬೇಕು, ಹೊಸ ನಾಟಕ ಕೆಟ್ಟರೆ ಪೋಷಕರು ನಗುತ್ತಾರೆ ಎಂದು ಸಹೋದ್ಯೋಗಿಗಳು ಹೇಳಬಹುದು. ನಗಲಿ ಬಿಡಿ. ಹಳೆಯ ನಾಟಕವೊಂದು ಜೊತೆಗಿರಲಿ, ಅದು ಜನರನ್ನು ಕೂರಿಸುತ್ತದೆ. ಅರ್ಧ ಗಂಟೆ ಮಾತ್ರ ಹೊಸದಕ್ಕೆ ಕೊಡಿ. ತಮ್ಮ ಮಗ, ತಮ್ಮ ಮನೆಯ ಕನ್ನಡದಲ್ಲೇ, ತಮ್ಮ ಊರಿನ ಕಥೆ ಹೇಳುವುದನ್ನು ನೋಡಿದ ಅಪ್ಪ ಅಮ್ಮ ಆ ಶಾಲೆಯಿಂದ ಮಗುವನ್ನು ಬಿಡಿಸುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಒಂದನೇ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ತಿರುಗುವ ನಮಗೆ ಇದು ಸಣ್ಣ ವಿಷಯವಲ್ಲ.

ಚಿನ್ನಾಳಪಟ್ಟಿಯ ಕನ್ನಡ ಶಾಲೆಯಿಲ್ಲದೆ, ನಾಟಕವಿಲ್ಲದೆ ಮನೆಯೊಳಗೆ ಇಷ್ಟು ಕಾಲ ಉಳಿದಿದೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಶಾಲೆ ಇದ್ದೂ ನಾವು ಕನ್ನಡಕ್ಕೆ ಹೊಸದೇನನ್ನೂ ಸೇರಿಸದಿದ್ದರೆ ನಮ್ಮ ಕನ್ನಡವೂ ಮನೆಯೊಳಗಿನ ಮಾತಾಗಲು ಬಹಳ ವರ್ಷ ಬೇಕಾಗಿಲ್ಲ. ಈ ಸಲ ನಾಟಕದ ಪುಸ್ತಕ ಹುಡುಕುವ ಮೊದಲು ನಿಮ್ಮ ಐದನೇ ತರಗತಿಯ ಮಕ್ಕಳನ್ನು ಒಮ್ಮೆ ಕೇಳಿ: ನಿಮ್ಮೂರಲ್ಲಿ ಏನಾಯ್ತು, ಹೇಳ್ರೋ ಅಂತ.