ನಾಯಿ ಕಡಿದರೆ ಸೂಜಿ ಒಂದೇ ಅಲ್ಲ, ಪರಿಹಾರವೂ ನಮ್ಮ ಹಕ್ಕು



ಯೆಣೆಗೂರ ಇರಲಿ, ಉಮರ್ಗಾ, ನಿಲಂಗಾ, ಉದಗೀರ ಇರಲಿ, ಬೀದಿ ನಾಯಿ ಕಡಿದ ಮನೆಯಲ್ಲಿ ನಡೆಯೋದು ಒಂದೇ ರೀತಿ. ಗಾಯಕ್ಕೆ ಖಾರಪುಡಿ ಹಚ್ಚು ಅಂತ ಒಬ್ಬರು, ಸುಣ್ಣ ಹಚ್ಚು ಅಂತ ಇನ್ನೊಬ್ಬರು. ತಿಳಿದವರು ದವಾಖಾನಿಗೆ ಕರ್ಕೊಂಡು ಹೋಗ್ತಾರೆ. ಸೂಜಿ ಆಗ್ತದೆ. ನಾಲ್ಕು ದಿನ ಕಟ್ಟೆ ಮೇಲೆ ಮಾತು ನಡೀತದೆ, ಆಮೇಲೆ ‘ನಸೀಬ’ ಅಂದು ಕೈ ಬಿಡ್ತಾರೆ. ಈ ನೋವಿಗೆ, ಈ ಖರ್ಚಿಗೆ ಹೊಣೆ ಯಾರು ಅಂತ ಕೇಳೋರು ಕಡಿಮೆ. ಕೇಳಿದರೆ ‘ನಾಯಿಗೆ ನೋಟಿಸ್ ಕೊಡ್ತೀಯೇನಪಾ’ ಅಂತ ನಗ್ತಾರೆ.

ನಗೋ ಮಾತಲ್ಲ ಇದು. ನೋಟಿಸ್ ಹೋಗಬೇಕಾದ್ದು ಹಳ್ಳಿಯಲ್ಲಿ ಗ್ರಾಮ ಪಂಚಾಯತಿಗೆ, ಪಟ್ಟಣದಲ್ಲಿ ನಗರ ಪರಿಷತ್ತಿಗೆ. ಹೈಕೋರ್ಟುಗಳು ಇದನ್ನ ಒಪ್ಪಿ ದುಡ್ಡು ಕೊಡಿಸಿದ ಉದಾಹರಣೆ ನಮ್ಮ ಕಣ್ಣ ಮುಂದೆ ಅದಾವ.

ಬೆಳಗಾವಿ ಜಿಲ್ಲೆಯ ಬಾಳೇಕುಂದ್ರಿ ಕೆ.ಎಚ್. ಪಂಚಾಯತಿ ಪ್ರಕರಣ ನೋಡ್ರಿ. ಅದೂ ನಮ್ಮಂಗ ಗಡಿ ಜಿಲ್ಲೆನೇ. ಅಲ್ಲಿ 2018ರಲ್ಲಿ ಎರಡು ವರ್ಷದ ಕೂಸಿನ ಮೇಲೆ ಬೀದಿ ನಾಯಿಗಳು ಬಿದ್ದವು. ಕೂಸು ಉಳಿಯಲಿಲ್ಲ. ತಂದೆ ಕರ್ನಾಟಕ ಹೈಕೋರ್ಟಿಗೆ ಹೋದರು. 2022ರಲ್ಲಿ ಕೋರ್ಟು, ಗ್ರಾಮ ಪಂಚಾಯತಿಯೇ ಆ ತಂದೆಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಬಡ್ಡಿ ಸಮೇತ ಕೊಡಬೇಕು ಅಂತ ಆದೇಶ ಮಾಡಿತು. ಕೊಡಬೇಕಾದ್ದು ಮಹಾನಗರ ಪಾಲಿಕೆ ಅಲ್ಲ, ಒಂದು ಹಳ್ಳಿ ಪಂಚಾಯತಿ ಅನ್ನೋದು ನೆನಪಿರಲಿ. ‘ಹಳ್ಳಿಯಾಗ ಇದೆಲ್ಲ ನಡಿಯಂಗಿಲ್ಲ’ ಅನ್ನೋರಿಗೆ ಇದೇ ಉತ್ತರ.

ಮುಂದಿನ ವರ್ಷ, 2023ರ ನವೆಂಬರ್‌ನಲ್ಲಿ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಲೆಕ್ಕವನ್ನೇ ಹಾಕಿಕೊಟ್ಟಿತು. ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ. ಮಾಂಸ ಕಿತ್ತು ಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಜಿಲ್ಲೆಗೊಂದು ಸಮಿತಿ ಮಾಡಿ ಅರ್ಜಿಗಳನ್ನ ನಾಲ್ಕು ತಿಂಗಳೊಳಗೆ ತೀರ್ಮಾನ ಮಾಡಬೇಕು ಅಂತಲೂ ಹೇಳಿತು.

ಗಡಿ ಆಚೆ ಆಳಂದ, ಬಸವಕಲ್ಯಾಣ, ಭಾಲ್ಕಿ ಇರೋ ಕರ್ನಾಟಕದಲ್ಲಿ ಸರ್ಕಾರವೇ 2025ರ ನವೆಂಬರ್‌ನಲ್ಲಿ ದರ ಗೊತ್ತು ಮಾಡಿತು. ಬೀದಿ ನಾಯಿ ಕಡಿದು ಗಾಯವಾದರೆ 5,000 ರೂಪಾಯಿ. ಅದರಲ್ಲಿ 3,500 ಗಾಯಗೊಂಡವರಿಗೆ, 1,500 ಚಿಕಿತ್ಸೆ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಸಾವಾದರೆ 5 ಲಕ್ಷ. ಮೊತ್ತ ಕಡಿಮೆಯೇ. ಆದರೆ ಕೇಳೋಕೆ ಒಂದು ದರ ಇದೆ.

ನಮ್ಮ ಕಡೆ? ಇಂಥ ದರದ ಬೋರ್ಡು ನಾವು ಯಾವ ಪಂಚಾಯತಿ ಗೋಡೆ ಮೇಲೂ ನೋಡಿಲ್ಲ. ವಿಚಿತ್ರ ಏನಂದ್ರ, ಹೊಲದಾಗ ರಾನ್‌ಹಂದಿ ಹಾಯ್ದರೆ, ತೋಳ ಅಥವಾ ನರಿ ಕಡಿದರೆ ಮಹಾರಾಷ್ಟ್ರದ ಅರಣ್ಯ ಖಾತೆ ದುಡ್ಡು ಕೊಡ್ತದೆ. ಕಾಡುಪ್ರಾಣಿಯಿಂದ ಜೀವ ಹೋದರೆ 25 ಲಕ್ಷದ ತನಕ ಅದ. ಆ ಪಟ್ಟಿಯಲ್ಲಿ ಕಾಡು ನಾಯಿ ಹೆಸರೂ ಅದ. ಅದೇ ಓಣಿ ನಾಯಿ ಸಾಲಿಗೆ ಹೊಂಟ ಹುಡುಗಿ ಕಾಲು ಹರಿದರೆ ಯಾವ ಟೇಬಲ್ ಮುಂದೆ ನಿಲ್ಲಬೇಕು ಅಂತ ಊರಲ್ಲಿ ಹೇಳೋರಿಲ್ಲ. ಹಲ್ಲು ಕಾಡಿನದಾದರೆ ಬೆಲೆ, ಓಣಿಯದಾದರೆ ನಸೀಬ!

‘ನಾಯಿ ಕಡಿದರೆ ಪಂಚಾಯತಿ ಏನು ಮಾಡ್ತದ’ ಅಂತ ಕೆಲವರು ಕೇಳ್ತಾರೆ. ಬೀದಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸೋದು, ರೇಬೀಸ್ ಲಸಿಕೆ ಹಾಕಿಸೋದು ಸ್ಥಳೀಯ ಸಂಸ್ಥೆಯ ಕೆಲಸ ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳ್ತವೆ. 2001ರ ಹಳೇ ನಿಯಮಗಳ ಜಾಗಕ್ಕೆ ಇವು ಬಂದವು. ಅಂದರೆ ಈ ಹೊಣೆ ನಿನ್ನೆ ಮೊನ್ನೆಯದಲ್ಲ, ಇಪ್ಪತ್ತು ವರ್ಷ ದಾಟಿದ್ದು. ಹೊಣೆ ಇದ್ದವರು ಕೆಲಸ ಮಾಡದೇ ಇದ್ದರೆ, ಅದರಿಂದ ಜನಕ್ಕೆ ಗಾಯ ಆದರೆ, ಭರಪಾಯಿ ಕೇಳೋದು ನ್ಯಾಯ.

‘ದುಡ್ಡಿಲ್ಲ’ ಅನ್ನೋ ಉತ್ತರಕ್ಕೂ ಕೋರ್ಟು ಯಾವಾಗಲೋ ಮರುತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮ್ ನಗರಸಭೆ ಚರಂಡಿ ಕಟ್ಟಿಸೋಕೆ ದುಡ್ಡಿಲ್ಲ ಅಂದಾಗ, 1980ರಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪಲಿಲ್ಲ. ಕಾನೂನು ಹೊರಿಸಿದ ಕೆಲಸಕ್ಕೆ ಬಡತನದ ನೆಪ ನಡೆಯೋದಿಲ್ಲ ಅಂತ ಹೇಳಿತು. ನಮ್ಮದೇ ಬಾಂಬೆ ಹೈಕೋರ್ಟು 2025ರ ಅಕ್ಟೋಬರ್‌ನಲ್ಲಿ ರಸ್ತೆ ಗುಂಡಿಯಿಂದ ಸತ್ತವರ ಮನೆಯವರಿಗೆ 6 ಲಕ್ಷ, ಗಾಯಗೊಂಡವರಿಗೆ 50,000ದಿಂದ 2.5 ಲಕ್ಷದ ತನಕ ಕೊಡಬೇಕು ಅಂದಿದೆ. ಗುಂಡಿ ಮುಚ್ಚದೇ ಬಿಟ್ಟಿದ್ದಕ್ಕೆ ಭರಪಾಯಿ ಇದ್ದರೆ, ನಾಯಿಗೆ ಲಸಿಕೆ ಹಾಕಿಸದೇ ಬಿಟ್ಟಿದ್ದಕ್ಕೆ ಯಾಕಿರಬಾರದು?

ಈಗ ಒಂದು ಲೆಕ್ಕ. ಸರ್ಕಾರಿ ದವಾಖಾನಿಯಲ್ಲಿ ಸೂಜಿ ಪುಕಟ್ಟೆ ಅಂತ ಹೇಳಿ ಬಾಯಿ ಮುಚ್ಚಿಸ್ತಾರಲ್ಲ, ಅವರಿಗೆ ತೋರಿಸೋ ಲೆಕ್ಕ. ಸೂಜಿ ಒಂದೇ ದಿನಕ್ಕೆ ಮುಗಿಯೋದಿಲ್ಲ. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಅಂತ ನಾಲ್ಕು ಸಲ ಹೋಗಬೇಕು. ಸೂಜಿ ಹಾಕೋ ವಿಧ ಬೇರೆ ಇದ್ದರೆ 14ನೇ ದಿನವೂ ಬರ್ತದೆ. ದಿನಗೂಲಿ 400 ಅಂತ ಹಿಡೀರಿ. ನಾಲ್ಕು ದಿನದ್ದು 1,600. ಕೂಡ ಹೋದವರದ್ದೂ 1,600. ಬಸ್ಸು, ಚಹಾ, ಊಟಕ್ಕೆ ಸಲಕ್ಕೆ 150ರಂತೆ 600. ಒಟ್ಟು 3,800 ಆಯ್ತು. ಇದರಲ್ಲಿ ನೋವಿಗೆ, ಅಂಜಿಕೆಗೆ, ಸಾಲಿ ತಪ್ಪಿದ್ದಕ್ಕೆ ಒಂದು ಪೈಸೆನೂ ಹಿಡಿದಿಲ್ಲ. ದುಡಿದು ತಿನ್ನೋ ಮನೆಗೆ ಇದು ಪುಕಟ್ಟೆಯೇನು?

ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾವು ದಿನಾ ನೋಡೋದು ಒಂದೇ ಸತ್ಯ: ಹಕ್ಕು ಇದ್ದವನಿಗೆ ದುಡ್ಡು ಬರೋದಿಲ್ಲ, ಕಾಗದ ಇದ್ದವನಿಗೆ ಬರ್ತದೆ. ನಾಯಿ ಕಡಿತದಲ್ಲೂ ಹಂಗೇ. ಅದಕ್ಕೇ ಈ ಕೆಲಸಗಳನ್ನ ಮೊದಲ ದಿನದಿಂದಲೇ ಮಾಡ್ರಿ.

ಮೊದಲು ಜೀವ. ಗಾಯವನ್ನ ಹರಿಯೋ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೀರಿ. ಖಾರ, ಸುಣ್ಣ ಏನೂ ಬೇಡ. ಅದೇ ದಿನ ದವಾಖಾನಿಗೆ ಹೋಗ್ರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲ ಅಂದರೂ ನಡೀತದೆ. ಗಾಯ ಆಳ ಇದ್ದರೆ ಲಸಿಕೆ ಒಂದೇ ಸಾಲೋದಿಲ್ಲ, ಗಾಯದ ಸುತ್ತ ಹಾಕೋ ಇಮ್ಯುನೋಗ್ಲಾಬ್ಯುಲಿನ್ ಬೇಕಾ ಅಂತ ಡಾಕ್ಟರನ್ನ ಕೇಳ್ರಿ.

ಎರಡನೇದು, ಕೇಸ್ ಪೇಪರ್. ಅದರಲ್ಲಿ ‘ಬೀದಿ ನಾಯಿ ಕಡಿತ’ ಅಂತ, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಹಲ್ಲಿನ ಗುರುತು, ಗಾಯ ಎಷ್ಟು ಉದ್ದ ಅಂತ ಬರೆಸ್ಕೋರಿ. ಮೊಬೈಲಿನಲ್ಲಿ ಗಾಯದ ಫೋಟೋ ತೆಗೀರಿ. ಲಸಿಕೆ ಕಾರ್ಡು, ಔಷಧದ ಬಿಲ್ಲು, ಬಸ್ ಟಿಕೆಟ್ಟು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಡ್ರಿ.

ಮೂರನೇದು, ಪೊಲೀಸ್ ಠಾಣೆಗೆ ಒಂದು ಲಿಖಿತ ದೂರು. ಕಡಿದದ್ದು ಸಾಕಿದ ನಾಯಿ ಆಗಿದ್ದರೆ ದಾರಿ ಬೇರೆ. ಪ್ರಾಣಿಯನ್ನ ಎಚ್ಚರ ಇಲ್ಲದೆ ಬಿಟ್ಟ ಮಾಲೀಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹತ್ತುತ್ತದೆ. ಆರು ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಖರ್ಚಿನ ಭರಪಾಯಿಗೆ ಅವನ ಮೇಲೆ ಸಿವಿಲ್ ದಾವೆ ಬೇರೆ ಹಾಕಬಹುದು.

ನಾಲ್ಕನೇದು, ಗ್ರಾಮ ಪಂಚಾಯತಿ ಅಧಿಕಾರಿಗೆ ಅಥವಾ ನಗರ ಪರಿಷತ್ತಿನ ಮುಖ್ಯಾಧಿಕಾರಿಗೆ ಅರ್ಜಿ. ಇಷ್ಟು ಖರ್ಚು, ಇಷ್ಟು ಕೂಲಿ ನಷ್ಟ, ಇಷ್ಟು ಪರಿಹಾರ ಬೇಕು ಅಂತ ಅಂಕಿ ಬರೀರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ‘ಪೋಚ್’ ಸಿಕ್ಕಾ, ತಾರೀಖು ಹಾಕಿಸ್ಕೋರಿ. ತಗೊಳ್ಳೋದಿಲ್ಲ ಅಂದರೆ ರಿಜಿಸ್ಟರ್ಡ್ ಪೋಸ್ಟು ಮಾಡ್ರಿ. ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂರು ವರ್ಷದಲ್ಲಿ ಎಷ್ಟು ನಾಯಿಗೆ ಲಸಿಕೆ ಹಾಕಿಸಿದಿರಿ, ಎಷ್ಟು ಖರ್ಚಾಯಿತು ಅಂತ ಕೇಳ್ರಿ. ಉತ್ತರ ‘ಶೂನ್ಯ’ ಅಂತ ಬಂದರೆ ಅದೇ ನಿಮ್ಮ ದೊಡ್ಡ ಸಾಕ್ಷಿ.

ಐದನೇದು, ಪಂಚಾಯತಿ ಸುಮ್ಮನಿದ್ದರೆ ತಾಲೂಕು ಕೋರ್ಟಿನಲ್ಲಿರೋ ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಪುಕಟ್ಟೆ ವಕೀಲರು ಸಿಗ್ತಾರೆ. ಕಡಿಸಿಕೊಳ್ಳೋರಲ್ಲಿ ಮಕ್ಕಳು, ಹೆಣ್ಣುಮಕ್ಕಳು ಎಷ್ಟು ಮಂದಿ ಅಂತ ನಿಮಗೇ ಗೊತ್ತು. ದಾವೆಗೆ ಕಾಲಮಿತಿ ಇರ್ತದೆ, ಅದಕ್ಕೇ ತಿಂಗಳುಗಟ್ಟಲೆ ಕಾಯದೆ ಹೋಗ್ರಿ. ಹೈಕೋರ್ಟು ಅಂದರೆ ನಮಗೆ ಔರಂಗಾಬಾದ್ ಪೀಠ.

ಭಾಷೆಯ ಮಾತು. ಮರಾಠಿಯಲ್ಲಿ ಬರೆಯೋಕೆ ಬರೋದಿಲ್ಲ ಅಂತ ಎಷ್ಟೋ ಅವ್ವಂದಿರು ಅರ್ಜಿಯನ್ನೇ ಬಿಡ್ತಾರೆ. ಸಂವಿಧಾನದ 350ನೇ ವಿಧಿ ಪ್ರಕಾರ, ಕುಂದುಕೊರತೆ ಅರ್ಜಿಯನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಕೊಟ್ಟ ಅರ್ಜಿಯೂ ಅರ್ಜಿನೇ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಮರಾಠಿ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಬೇಕು. ಕೆಲಸ ಬೇಗ ಆಗಲಿ ಅಂದರೆ ಕನ್ನಡ ಅರ್ಜಿ ಹಿಂದೆ ಒಂದು ಮರಾಠಿ ಪ್ರತಿ ಜೋಡಿಸ್ರಿ. ಎರಡೂ ಬರೆಯೋಕೆ ಬರೋ ಹುಡುಗರು ನಾವು ಪ್ರತಿ ಊರಲ್ಲಿ ಇದ್ದೀವಿ. ಆ ಅವ್ವನ ಪಕ್ಕ ಅರ್ಧ ತಾಸು ಕೂತರೆ ಸಾಕು.

ಸುಳ್ಳು ಆಸೆ ಹುಟ್ಟಿಸೋದು ಬೇಡ. ಪಂಜಾಬಿನ ಹಲ್ಲಿನ ದರ ಮಹಾರಾಷ್ಟ್ರದಲ್ಲಿ ತಾನಾಗೇ ಲಾಗೂ ಆಗೋದಿಲ್ಲ. ಬಾಳೇಕುಂದ್ರಿ ಆದೇಶವೂ ಇಲ್ಲಿ ಕಟ್ಟುಪಾಡಲ್ಲ. ಆದರೆ ವಕೀಲರು ಅವನ್ನ ಕೋರ್ಟಿನ ಮುಂದೆ ಇಡಬಹುದು. ಒಂದು ಅರ್ಜಿಯನ್ನ ಪಂಚಾಯತಿ ಕಪಾಟಿನಲ್ಲಿ ಹಾಕಬಹುದು, ಒಂದು ತಾಲೂಕಿನಿಂದ ಐವತ್ತು ಅರ್ಜಿ ಹೋದರೆ ಜಿಲ್ಲಾಧಿಕಾರಿ ಕೇಳಲೇಬೇಕಾಗ್ತದೆ.

ಇನ್ನೊಂದು ಮಾತು. ಸಿಟ್ಟಿಗೆ ನಾಯಿಗೆ ವಿಷ ಹಾಕೋರು ಇದ್ದಾರೆ. ಅದು ಅಪರಾಧ, ಪ್ರಯೋಜನವೂ ಇಲ್ಲ. ಸತ್ತ ನಾಯಿ ಜಾಗಕ್ಕೆ ಲಸಿಕೆ ಇಲ್ಲದ ಬೇರೆ ನಾಯಿ ಬರ್ತದೆ. ಕೇಸು ಆಗೋದು ವಿಷ ಹಾಕಿದವನ ಮೇಲೆ, ಕೆಲಸ ಮಾಡದ ಪಂಚಾಯತಿ ಆರಾಮ ಇರ್ತದೆ.

ಹಂಗಾಗಿ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಠರಾವು ಕೇಳ್ರಿ. ಒಂದು, ಈ ವರ್ಷ ಊರ ನಾಯಿಗಳಿಗೆ ಲಸಿಕೆ ಮತ್ತು ಶಸ್ತ್ರಚಿಕಿತ್ಸೆ. ಎರಡು, ನಾಯಿ ಕಡಿತಕ್ಕೆ ಸರ್ಕಾರ ದರ ಗೊತ್ತು ಮಾಡಬೇಕು, ಜಿಲ್ಲೆಗೊಂದು ಸಮಿತಿ ಮಾಡಬೇಕು ಅಂತ ಮುಂಬೈಗೆ ಪತ್ರ. ಠರಾವಿನ ನಕಲು ಕೈಗೆ ಬರೋ ತನಕ ಕುರ್ಚಿ ಬಿಟ್ಟು ಏಳಬೇಡ್ರಿ.