ಉಕ್ಕಿಗೂ ಕಾಯಿಲೆಯುಂಟು

ಉಕ್ಕೆಂದರೆ ದೃಢತೆಯ ಇನ್ನೊಂದು ಹೆಸರೆಂದೇ ನಮ್ಮೆಲ್ಲರ ಭಾವನೆ. ಆದರೆ ಉಕ್ಕಿಗೂ ಕಾಯಿಲೆಯುಂಟು. ಅದಕ್ಕೆ ತಗಲುವ ಕಾಯಿಲೆಗಳಲ್ಲಿ ಅನೇಕಕ್ಕೆ ಮೂಲ ತೇವ.

2021ರ ಡಿಸೆಂಬರಿನಲ್ಲಿ, ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವ ಪೀಣ್ಯದ ಮೇಲ್ಸೇತುವೆಯ ಸಂಚಾರವನ್ನು ಹಠಾತ್ತನೆ ನಿಲ್ಲಿಸಿದುದು ವಾಚಕರಿಗೆ ನೆನಪಿರಬಹುದು. 102 ಮತ್ತು 103ನೆಯ ಕಂಬಗಳ ನಡುವೆ, ಸೇತುವೆಯನ್ನು ಬಿಗಿಯಾಗಿ ಹಿಡಿದಿದ್ದ ಉಕ್ಕಿನ ಕೇಬಲುಗಳಲ್ಲಿ ಎರಡು ತುಕ್ಕಿಗೆ ಈಡಾಗಿದ್ದುವು. ಮೇಲೆ ದಿನವೂ ಓಡಾಡುತ್ತಿದ್ದವರಿಗೆ ಅದರ ಸುಳಿವೇ ಇರಲಿಲ್ಲ. ಹಗುರ ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ದಾರಿ ತೆರೆಯಿತು. ಭಾರದ ವಾಹನಗಳು 2024ರ ಜುಲೈವರೆಗೆ ಕಾಯಬೇಕಾಯಿತು. ಸಾಮಾನ್ಯವಾಗಿ ಇಂಥ ಕೇಬಲುಗಳನ್ನು ಕೊಳವೆಯೊಳಗೆ ಬಿಗಿದೆಳೆದು, ಸುತ್ತಲೂ ತೆಳುವಾದ ಸಿಮೆಂಟು ಗಾರೆಯನ್ನು ತುಂಬುತ್ತಾರೆ. ಆ ಗಾರೆ ಎಲ್ಲಿಯಾದರೂ ಪೊಳ್ಳಾಗಿ ಉಳಿದರೆ, ನೀರೂ ಗಾಳಿಯೂ ಅಲ್ಲಿ ಮನೆಮಾಡಿ, ಒಳಗೊಳಗೇ ಉಕ್ಕನ್ನು ಸವೆಸುತ್ತವೆ.

ತುಕ್ಕು ಹೊರಗಿನಿಂದ ತಿನ್ನುವ ಕಾಯಿಲೆ. ವೆಲ್ಡಿಂಗಿನಲ್ಲಾದರೋ ಅದೇ ತೇವ ಉಕ್ಕಿನ ಒಡಲನ್ನೇ ಹೊಗುತ್ತದೆ. ವೆಲ್ಡಿಂಗ್ ಕಡ್ಡಿಗೆ ಒಂದು ಲೇಪವಿರುತ್ತದಷ್ಟೆ. ತೆರೆದಿಟ್ಟರೆ ಅದು ಮಳೆಗಾಲದ ಹವೆಯಿಂದ ನೀರನ್ನು ಹೀರುತ್ತದೆ. ಕಿಡಿಯ ಕಾವಿನಲ್ಲಿ ಆ ನೀರು ಒಡೆದು, ಜಲಜನಕವು ಕರಗಿದ ಲೋಹದಲ್ಲಿ ಬೆರೆಯುತ್ತದೆ. ಲೋಹ ಬೇಗನೆ ತಣಿಯಿತೆಂದರೆ, ಹೊರಬರಲಾರದ ಅನಿಲವು ಗುಳ್ಳೆಗಳಾಗಿ ಸೆರೆಯಾಗುತ್ತದೆ. ಉಕ್ಕು ದಪ್ಪವೂ ಗಡುಸೂ ಆಗಿದ್ದರಂತೂ ಅಪಾಯ ಇನ್ನೂ ಹೆಚ್ಚು: ಬೆಸುಗೆ ಆರಿದ ಎಷ್ಟೋ ಗಂಟೆಗಳ ಮೇಲೆ, ಯಾರೂ ಮುಟ್ಟದಿದ್ದರೂ, ತಾನಾಗಿಯೇ ಬಿರುಕು ಬಿಡಬಹುದು. ಸಂಜೆ ನಿರ್ದೋಷವೆನಿಸಿಕೊಂಡ ಕೆಲಸ ಬೆಳಗಾಗುವಷ್ಟರಲ್ಲಿ ದೋಷಯುಕ್ತವಾಗಿರಬಹುದು! ಆದುದರಿಂದಲೇ ಜವಾಬ್ದಾರಿಯ ಕೆಲಸಗಳಲ್ಲಿ ಕಡ್ಡಿಗಳನ್ನು ಒಲೆಯಲ್ಲಿ ಕಾಯಿಸಿ, ಬೆಚ್ಚಗಿರುವಂತೆಯೇ ಬಳಸುತ್ತಾರೆ. ಅನೇಕ ವೇಳೆ 48 ಗಂಟೆ ತಡೆದು, ಶ್ರವಣಾತೀತ ಧ್ವನಿಯಿಂದ ಬೆಸುಗೆಯ ಒಳಗನ್ನು ಪರೀಕ್ಷಿಸುತ್ತಾರೆ.

ಮನೆಯ ಕಿಟಕಿಯ ಸರಳಿಗೂ ಬಾಲ್ಕನಿಯ ಕಟಕಟೆಗೂ ಇಷ್ಟೆಲ್ಲ ಬೇಕಿಲ್ಲ. ಅಲ್ಲಿನ ಮೃದು ಉಕ್ಕು ಇಂಥ ಬಿರುಕಿಗೆ ಸುಲಭವಾಗಿ ಒಳಗಾಗುವುದಿಲ್ಲ. ಆದರೆ ಒದ್ದೆ ಕಡ್ಡಿ, ತುಕ್ಕು, ಎಣ್ಣೆಯ ಜಿಡ್ಡು—ಇವುಗಳಿಂದ ಬೆಸುಗೆ ತೂತು ತೂತಾಗುವುದು ಅಲ್ಲಿಯೂ ಉಂಟು. ಕೆಲಸದವನು ಕಡ್ಡಿಯ ಕಟ್ಟನ್ನು ಒಣಗಿದೆಡೆಯಲ್ಲಿ ಇಟ್ಟಿರುವನೇ, ಬೆಸೆಯುವ ಅಂಚನ್ನು ಉಜ್ಜಿ ಶುಚಿಮಾಡಿದನೇ ಎಂಬುದನ್ನು ಗೃಹಸ್ಥರು ಗಮನಿಸಬಹುದು. ಬಣ್ಣ ಬಳಿಯುವ ಮುನ್ನವೇ ಪ್ರತಿ ಸಂದನ್ನೂ ಬೆಳಕಿನಲ್ಲಿ ನೋಡಿರಿ. ಸೂಜಿಮೊನೆಯಂಥ ತೂತುಗಳೋ ತುಂಬದ ಸಂದುಗಳೋ ಕಂಡರೆ ಕೆರೆದು ಮತ್ತೆ ಬೆಸೆಯಿಸಿರಿ. ಬಣ್ಣ ಬಿದ್ದ ಮೇಲೆ ಎಲ್ಲ ಬೆಸುಗೆಗಳೂ ಒಂದೇ ತೆರನಾಗಿ ಕಾಣುತ್ತವೆ. ನಾಳೆ ಮಕ್ಕಳು ಒರಗಿ ನಿಲ್ಲುವುದು ಆ ಬೆಸುಗೆಯನ್ನು ನಂಬಿಯೇ.