ಗುಡ್ಡದಲ್ಲಿ ಹೆಲ್ಮೆಟ್, ಊರಲ್ಲಿ?

ರಜೆಯಲ್ಲಿ ಮಡಿಕೇರಿ ಹತ್ತಿರದ ಕಾಫಿ ತೋಟವೊಂದರಲ್ಲಿ ಕ್ವಾಡ್ ಬೈಕ್ ಓಡಿಸಿದೆ. ಗೈಡ್ ಅಣ್ಣ ಮೊದಲು ಹೆಲ್ಮೆಟ್ ಪಟ್ಟಿ ಬಿಗಿದು, ಬಯಲಲ್ಲಿ ನಾಲ್ಕು ಸುತ್ತು ಹಾಕಿಸಿದರು. ಹೆಬ್ಬೆರಳಿನಿಂದ ಆಕ್ಸಿಲರೇಟರ್ ಒತ್ತಬೇಕು, ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ. ಅವರನ್ನು ಯಾರೂ ಓವರ್‌ಟೇಕ್ ಮಾಡುವ ಹಾಗಿಲ್ಲ.

ಮಾರನೇ ದಿನವೇ ಭಾಯಿಜಾನ್ ಸ್ಕೂಟರಿನಲ್ಲಿ ನಾವು ಮೂವರು ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೊರಟೆವು. ಹೆಲ್ಮೆಟ್ ಇಲ್ಲ, ಲೈಸೆನ್ಸ್ ಅಂತೂ ಇಲ್ಲವೇ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಪಕ್ಕ ನುಗ್ಗುವಾಗ ಕೈ ನಡುಗಿತು. ಗುಡ್ಡದ ಕೆಸರಲ್ಲೂ ಹಾಗೆ ನಡುಗಿರಲಿಲ್ಲ.

2019ರ ತಿದ್ದುಪಡಿ ಪ್ರಕಾರ ನಾವು ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ನಮಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾಮರ್ಸ್‌ನವರೇ, ಲೆಕ್ಕ ಹಾಕಿ.

ನಮ್ಮ ಸ್ಕೂಟರುಗಳನ್ನು ಕಾಲೇಜು ಗೇಟಿನಲ್ಲೇ ತಡೆಯಬೇಕು. ಗೆಳೆಯರು ಬೈದರೂ ಸರಿ. ನಾನೀಗ ಬಸ್ಸಿನಲ್ಲಿ ಬರುತ್ತಿದ್ದೇನೆ. ಅಬ್ಬಾಗೆ ಇನ್ನೂ ಹೇಳಿಲ್ಲ, ಇದರಿಂದ ಗೊತ್ತಾದರೆ ಗೊತ್ತಾಗಲಿ.